ಅಕ್ಕನ ಮಾತು ಕೇಳದ ವಿಮಾನ

ಇವತ್ತು ದಹಿಸರಿನ ನಮ್ಮ ಮನೆಯಲ್ಲಿ ಟಿವಿ ರಿಮೋಟಿನ ಮುಚ್ಚಳ ತೆಗೆದರೆ ಸೆಲ್ ಸೋರಿ ಹಸಿರುಗಟ್ಟಿತ್ತು. ಆ ಘಾಟು ನನ್ನನ್ನು ವಡಾಲದ ಹಳೆಯ ಕ್ವಾರ್ಟರ್ಸಿಗೆ ಎಳೆದುಕೊಂಡು ಹೋಯಿತು.

ಅಕ್ಕನಿಗೆ ಸ್ನಾಯು ಸವೆಯುವ ಕಾಯಿಲೆ. ಕಾಲು ಆಗಲೇ ಹೋಗಿತ್ತು, ಬೆರಳುಗಳು ಉಳಿದಿದ್ದವು. ಕುಳಿತಲ್ಲಿಂದಲೇ ಹಾರಿಸಲಿ ಎಂದು ಅಪ್ಪ ಅವಳಿಗೊಂದು ರೇಡಿಯೋ ವಿಮಾನ ಕಟ್ಟಿಕೊಟ್ಟರು. ಅವಳು ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿನ ಪ್ರತಿ ಸೆಲ್ಲನ್ನೂ ಅಂಗಿಗೆ ಒರೆಸಿ, ವೋಲ್ಟೇಜ್ ಮೀಟರ್ ಹಚ್ಚಿ ನೋಡಿಯೇ ಹಾಕುತ್ತಿದ್ದರು.

ಆ ಭಾನುವಾರ ಮೈದಾನದಲ್ಲಿ ವಿಮಾನ ಚೆನ್ನಾಗಿ ಹಾರಿತು. ಅಕ್ಕ ನಗುತ್ತಾ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಎಂದಳು. ಅಷ್ಟರಲ್ಲಿ ಸೆಲ್‌ಗಳ ವೋಲ್ಟೇಜ್ ಇಳಿದು ಸಿಗ್ನಲ್ ಅಷ್ಟು ದೂರ ತಲುಪದಾಯಿತು. ವಿಮಾನ ತಿರುಗದೆ ಉಪ್ಪಿನ ಗದ್ದೆಗಳ ಕಡೆ ಹೋಗಿ ಕಾಣೆಯಾಯಿತು.

"ಅಪ್ಪ, ನಾನು ತಿರುಗಿಸ್ತಾನೇ ಇದೀನಿ. ನನ್ನ ಬೆರಳೂ ಹೋಯ್ತಾ?"

"ಇಲ್ಲ ಪುಟ್ಟಿ, ಬ್ಯಾಟರಿ ಡೌನ್ ಆಗಿದೆ ಅಷ್ಟೇ. ಮನೇಲಿ ಮೀಟರ್ ಹಚ್ಚಿ ತೋರಿಸ್ತೀನಿ."

ಮನೆಗೆ ಬರುವಷ್ಟರಲ್ಲಿ ಸೆಲ್‌ಗಳು ಸುಧಾರಿಸಿಕೊಂಡಿದ್ದವು. ಮೀಟರಿನ ಮುಳ್ಳು ಮೇಲೆಯೇ ನಿಂತಿತು. ಸೋತ ಸೆಲ್ ಸ್ವಲ್ಪ ಹೊತ್ತು ಬಿಟ್ಟರೆ ಹೀಗೇ ತುಂಬಿದಂತೆ ತೋರಿಸುತ್ತದೆ ಎಂದು ಅಪ್ಪ ಎಷ್ಟು ಹೇಳಿದರೂ ಅಕ್ಕ ತನ್ನ ಕೈಗಳನ್ನೇ ನೋಡುತ್ತಿದ್ದಳು. ಮರುದಿನದಿಂದ ಅವಳು ಚಮಚವನ್ನೂ ಹಿಡಿಯಲಿಲ್ಲ, ಅಮ್ಮ ತಿನ್ನಿಸಬೇಕಾಯಿತು. ಆ ವರ್ಷವೇ ತೀರಿಕೊಂಡಳು.

ರಿಮೋಟ್ ಒರೆಸುತ್ತಿದ್ದ ನನ್ನನ್ನು ಅಪ್ಪ ಸೋಫಾದಿಂದ ಕೇಳಿದರು. "ಬ್ಯಾಟರಿದೇ ತಪ್ಪು ಅಂತ ಆಮೇಲಾದ್ರೂ ನಂಬಿದ್ಲಾ ಅವಳು?"

"ನಂಬಿದ್ಲು ಅಪ್ಪ," ಎಂದೆ.

ಅವರು ತಲೆಯಾಡಿಸಿ ಗೋಡೆಯ ಕಡೆ ಮುಖ ತಿರುಗಿಸಿದರು. ನನ್ನ ಮಾತನ್ನು ಅವರೂ ನಂಬಲಿಲ್ಲ.