ಜೈತುನಬೀ ಎತ್ತಿದ ಎರಡು ಕೈ

ನನ್ನ ಅಕ್ಷರ ಸೊಟ್ಟ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಮಾತು ತಪ್ಪಿದ್ದರೆ ದಯವಿಟ್ಟು ತಿದ್ದಿಕೊಂಡು ಓದಬೇಕು. ಇದು ಯಾದಗಿರಿ ಸ್ಟೇಷನ್ನಿನ ಮುಂದೆ ಮಿರ್ಚಿ ಭಜಿ ಮಾರುವ ನಮ್ಮ ಅಮ್ಮನ ಅಕ್ಕ ಜೈತುನಬೀಯ ಸಂಗತಿ.

ಜೈತುನಬೀ ಎಣ್ಣೆ ಗಿರಣಿಯ ಮಾಲಕಿಯೂ ಹೌದು. ಗಿರಣಿ ಕಂಪನಿ ಶುರುವಾದಾಗ ಎಂಜಿನ್ ಕೂಡಿಸಿಕೊಟ್ಟ ಆಕೆಯ ಗಂಡ ಬಾಷುಮಿಯಾನಿಗೆ ಒಂದು ಷೇರು ಸಿಕ್ಕಿತ್ತು. ಆತ ತೀರಿಹೋದ ಮೇಲೆ ಅದು ಈಕೆಯ ಹೆಸರಿಗೆ ಬಂತು. ಅಂದಿನಿಂದ ಗಿರಣಿಯ ಮುಂದೆ ಹಾಯುವಾಗಲೆಲ್ಲ ಸೆರಗು ಸರಿಮಾಡಿಕೊಂಡು, ಗೋಡೆಯ ಸುಣ್ಣ ಉದುರಿದ್ದಕ್ಕೆ ಕಾವಲುಗಾರನನ್ನು ಬೈದು ಬರುತ್ತಿದ್ದಳು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ತಿಂಗಳೇ ದೂರದ ಸುಯೆಜ್‌ನಲ್ಲಿ ಲಡಾಯಿ ಹತ್ತಿ, ಹಡಗು ಬರುವ ಕಾಲುವೆ ಮುಚ್ಚಿತು. ಚಿಮಣಿ ಎಣ್ಣೆ ಸಿಗದಾಯಿತು. ಮಂದಿ ದೀಪಕ್ಕೂ ಶೇಂಗಾ ಎಣ್ಣೆ ಸುರಿದರು. ಅದೂ ತುಟ್ಟಿಯಾಯಿತು.

ಮೊದಲ ವಾರ ಜೈತುನಬೀ ಹಿಗ್ಗಿದಳು. ಕಿರಾಣಿ ಅಂಗಡಿಯಲ್ಲಿ ನೆರೆಮನೆಯ ಮಾಳಮ್ಮ ದರ ಕೇಳಿ ಹೌಹಾರಿದರೆ, ಈಕೆ, "ಏರ್ಲಿ ಬಿಡಬೇ, ಏರಿದಷ್ಟೂ ನಮ್ಮ ಕಂಪನಿಗೆ ಚಲೋ" ಎಂದಳು.

"ಹೌದೌದು ಮಾಲಕಿ! ನಾಳಿ ಭಜಿ ಯಾತರಾಗ ಕರೀತಿ? ನೀರಾಗೇನು?"

ಎರಡನೆಯ ವಾರ ಭಜಿ ಸಣ್ಣದಾಯಿತು. ಹಮಾಲ ಬೀರಣ್ಣ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಯಕ್ಕಾ, ಇದು ತಿನ್ನಾಕೋ, ಕಿವ್ಯಾಗ ಇಟ್ಕೊಳ್ಳಾಕೋ?" ಎಂದ. ಮೂರನೆಯ ವಾರ ಎಣ್ಣೆ ಕೊಳ್ಳಲಾಗದೆ ಕಡಾಯಿ ಬೋರಲು ಬಿತ್ತು. ಹಮಾಲರೆಲ್ಲ ಎದುರಿನ ಮಾನಪ್ಪನ ಹೋಟೆಲಿಗೆ ಸಾಲುಗಟ್ಟಿದರು. ಜೈತುನಬೀ ಕುಳಿತಲ್ಲಿಂದಲೇ ಅವರ ತಲೆ ಎಣಿಸುತ್ತಿದ್ದಳು. ಇನ್ನೊಂದು ವಾರ ಹೀಗೇ ಆದರೆ ಆ ಗಿರಾಕಿಗಳು ತಿರುಗಿ ಬರುವವರಲ್ಲ.

ಗಿರಣಿಯ ಲಾಭದ ಪಾಲಾದರೂ ಬಂದೀತೆಂದು ಹಬ್ಬದ ಸೀರೆ ಉಟ್ಟು ಕಂಪನಿಯ ಸಭೆಗೆ ಹೋದಳು. ಅಧ್ಯಕ್ಷ ಮಲ್ಕಪ್ಪ ಸಾವಕಾರ ಎದ್ದು ನಿಂತ.

"ದರ ಏರ್ಯಾದ, ಖರೆ. ಆದ್ರ ಎಂಜಿನ್ನಿಗೆ ಹಾಕೂ ಎಣ್ಣಿನ ಬರವಲ್ದು, ಗಿರಣಿ ನಿಂತದ. ಈ ವರ್ಷ ಪಾಲು ಇಲ್ಲ. ಉಳದದ್ದು ನಲವತ್ತು ಡಬ್ಬಿ ಶೇಂಗಾ ಎಣ್ಣಿ. ಈಗ ಮಾರೋಣು ಅನ್ನೋರು ಕೈ ಎತ್ರಿ."

ಜೈತುನಬೀ ಬಲಗೈ ಎತ್ತಿದಳು.

"ಇನ್ನೂ ಏರೂತನಕ ಇಡೋಣು ಅನ್ನೋರು?"

ಎಡಗೈಯೂ ಮೇಲೆದ್ದಿತು. ಬಲಗೈ ಇಳಿಯಲಿಲ್ಲ.

"ಇದೇನಬೇ ಜೈತುನಬೀ?"

"ಒಂದು ಭಜಿ ಮಾರಾಕಿದ್ರಿ, ಒಂದು ಮಾಲಕಿದು."

"ಒಬ್ಬರಿಗೆ ಒಂದೇ ಕೈ."

"ಅಲ್ಲಾ ಎರಡು ಕೊಟ್ಟಾನಲ್ರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಆಕೆ ನಗಲಿಲ್ಲ. ಎರಡೂ ಕೈಗಳನ್ನು ಒಂದರ ನಂತರ ಒಂದು ನೋಡಿದಳು. ಬಲಗೈಯ ತುಂಬ ಎಣ್ಣೆ ಸಿಡಿದ ಕಲೆಗಳಿದ್ದವು. ಎಡಗೈ ಮೆಲ್ಲಗೆ ಇಳಿಯಿತು.

ಆದರೂ ಇಡುವವರೇ ಗೆದ್ದರು. ಎಲ್ಲರೂ ಎದ್ದು ಹೋದ ಮೇಲೆ ಆಕೆ ಬಾಗಿಲಲ್ಲೇ ಸಾವಕಾರನನ್ನು ತಡೆದಳು.

"ನನ್ನ ಷೇರು ನೀವ ತಗೋರಿ. ರೊಕ್ಕ ಬ್ಯಾಡ, ನಿಮ್ಮ ಮನ್ಯಾಗಿನ ಎಣ್ಣಿ ಕೊಡ್ರಿ."

"ಕಾಲುವಿ ತೆರದು ಗಿರಣಿ ಹೊಂಟಿತಂದ್ರ ಷೇರಿಗೆ ಬಂಗಾರದ ಬೆಲಿ ಬರ್ತದ. ಆಗ ಅತ್ಕೋತ ಬರಬ್ಯಾಡ ನೋಡು."

"ಆಗ ನನಗ ಅಳಾಕ ಪುರುಸೊತ್ತು ಇರಂಗಿಲ್ರಿ. ಗಿರಾಕಿ ನಿಂತಿರ್ತಾರ."

ಸಾವಕಾರ ಎರಡು ಡಬ್ಬಿ ಕೊಟ್ಟ. ನಿನ್ನೆ ಸಂಜೆ ಎತ್ತಿನ ಗಾಡಿಯಲ್ಲಿ ಅವು ಮನೆಗೆ ಬಂದವು. ನಾನೀಗ ಕಡಲೆಹಿಟ್ಟು ಜರಡಿ ಹಿಡಿಯಲು ಹೋಗುತ್ತೇನೆ.