ಐದು ಮಾರಿನ ಬಟ್ಟೆ

ಕೊರಿನ್ನಾ ಯುದ್ಧನೌಕೆ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನೀರಿಗಿಳಿದ ವರ್ಷವೇ ಜೇಬೆಜ್ ಟ್ರೌನ್ಸನ್ ಅದನ್ನು ಹತ್ತಿದ. ಆಫ್ರಿಕಾದ ಕರಾವಳಿಯಲ್ಲಿ ಗುಲಾಮರ ಹಡಗುಗಳನ್ನು ಅಟ್ಟಿದಾಗ, ಲಿಸ್ಬನ್ನಿನಲ್ಲಿ ಕಾವಲು ನಿಂತಾಗ, ಆಮೇಲೆ ವೆಸ್ಟ್ ಇಂಡೀಸಿನಲ್ಲಿ, ಎಲ್ಲೆಲ್ಲೂ ನೀರಿನ ಆಳ ನೋಡುತ್ತಿದ್ದವನು ಅವನೇ. ನಾಲ್ವರು ಕಪ್ತಾನರು ಬದಲಾದರು, ನಡುವಿನ ಕಂಬ ಎರಡು ಸಲ ಮುರಿಯಿತು, ಅವನು ಮಾತ್ರ ಕದಲಲಿಲ್ಲ. ಇಪ್ಪತ್ತೊಂದು ವರ್ಷ ತುಂಬಿದರೆ ಪಿಂಚಣಿ. ನಾವು ಊರಿಗೆ ಮರಳುವಾಗ ಅದಕ್ಕೆ ಇನ್ನು ಐದೇ ತಿಂಗಳು ಬಾಕಿ.

ಆಳ ನೋಡುವುದು ಸೀಸದ ಗುಂಡು ಕಟ್ಟಿದ ಹಗ್ಗದಿಂದ. ಅದರಲ್ಲಿ ಐದು ಮಾರಿಗೆ ಬಿಳಿ ಹತ್ತಿಬಟ್ಟೆ, ಏಳು ಮಾರಿಗೆ ಕೆಂಪು ಉಣ್ಣೆ. ಕತ್ತಲಲ್ಲಿ ತುಟಿಗೆ ತಾಗಿಸಿದರೂ ಗುರುತು ಸಿಗಲೆಂದೇ ಬಟ್ಟೆಯ ಜಾತಿಯನ್ನೂ ಬೇರೆ ಬೇರೆ ಇಡುವುದು. ಜೇಬೆಜ್ ಹಗಲಲ್ಲೂ ತುಟಿಗೆ ತಾಗಿಸುತ್ತಿದ್ದ. "ಹೆಂಡ್ತಿ ನೆನಪಾಯ್ತೇನೋ?" ಎಂದು ನಾವು ರೇಗಿಸುತ್ತಿದ್ದೆವು. ನಕ್ಕುಬಿಡುತ್ತಿದ್ದ.

ನಾನು ಹಾಯಿ ಹೊಲಿಯುವವನು. ಬಾರ್ಬಡೋಸಿನಲ್ಲಿ ಐದರ ಬಟ್ಟೆ ಹರಿದಾಗ ಕೈಗೆ ಸಿಕ್ಕಿದ್ದು ಹಳೇ ಅಂಗಿಯ ಬಿಳಿ ಉಣ್ಣೆ. ಬಿಳಿ ಬಿಳಿಯೇ ತಾನೇ ಎಂದು ಹೊಲಿದುಬಿಟ್ಟೆ. ನನ್ನ ಸೋಮಾರಿತನಕ್ಕೆ ಬೆಂಕಿ ಬೀಳಲಿ.

ಊರು ಇನ್ನೇನು ಬಂತೆನ್ನುವಾಗ, ಸಿಲ್ಲಿ ದ್ವೀಪಗಳ ಹತ್ತಿರ ಬೆಳಿಗ್ಗೆ ಮಂಜು ಕವಿಯಿತು. ಬಂಡೆಗಳು ಎಡಕ್ಕಿವೆಯೋ ಬಲಕ್ಕಿವೆಯೋ ತಿಳಿಯದು. ನೂರಿಪ್ಪತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ದಾರಿ ನೋಡುವ ಅಧಿಕಾರಿ ಪೆಂಗೆಲಿ ಕೂಗಿದರು: "ಜೇಬೆಜ್, ಏಳು ಮಾರು ಇದ್ರೆ ಹೀಗೇ ಹೋಗೋಣ. ಕಮ್ಮಿಯಾದ್ರೆ ತಕ್ಷಣ ತಿರುಗಿಸ್ಬೇಕು. ಸರಿಯಾಗಿ ನೋಡಿ ಹೇಳು!"

ಗುಂಡು ಬಿತ್ತು. ಜೇಬೆಜ್ ಬಟ್ಟೆಯನ್ನು ತುಟಿಗೆ ಒತ್ತಿದ.

"ಏಳು ಮಾರು!"

ನಾನು ಪಕ್ಕದಲ್ಲೇ ಇದ್ದೆ. ಅವನ ತುಟಿಯ ಮೇಲಿದ್ದದ್ದು ನಾನು ಹೊಲಿದ ಬಿಳಿ ಉಣ್ಣೆ. ಇವನಿಗೆ ಕಣ್ಣು ಕಾಣುವುದಿಲ್ಲ ಎಂಬುದು ಆಗ ಹೊಳೆಯಿತು. ಕೂಗಿದರೆ ಅವನ ಅನ್ನ ಹೋಗುತ್ತದೆ, ಸುಮ್ಮನಿದ್ದರೆ ಎಲ್ಲರ ಜೀವ ಹೋಗುತ್ತದೆ. ಕೂಗಿಯೇಬಿಟ್ಟೆ:

"ಐದು! ಸಾಹೇಬ್ರೇ, ಐದು! ಬಿಳಿ ಬಟ್ಟೆ!"

ಚುಕ್ಕಾಣಿ ತಿರುಗಿತು. ಕೈಗೆಟುಕುವಷ್ಟು ಹತ್ತಿರದಲ್ಲಿ ಕರೀ ಬಂಡೆಯೊಂದು ನೊರೆಯುಗುಳುತ್ತಾ ಹಿಂದೆ ಸರಿಯಿತು.

ಪೆಂಗೆಲಿ ಓಡಿಬಂದರು. "ತಪ್ಪು ನಂದು ಸಾಹೇಬ್ರೇ, ಬೇರೆ ಬಟ್ಟೆ ಹೊಲಿದಿದ್ದೆ," ಎಂದೆ.

ಅವರು ಜೇಬೆಜ್‌ನನ್ನೇ ನೋಡಿದರು. "ಇದು ಯಾವ ಬಣ್ಣ?"

ನಾನು ಅವನ ಬೆನ್ನಿಗೆ ಮೆಲ್ಲನೆ ತಿವಿದು "ಬಿಳಿ ಅನ್ನು" ಎಂದು ಪಿಸುಗುಟ್ಟಿದೆ.

"ಕಾಣಲ್ಲ ಸಾಹೇಬ್ರೇ," ಎಂದ ಜೇಬೆಜ್. "ಎರಡು ವರ್ಷ ಆಯ್ತು."

ಪ್ಲಿಮತ್‌ನಲ್ಲಿ ಅವನನ್ನು ಇಳಿಸಿದರು. ಪಿಂಚಣಿ ಸಿಗಲಿಲ್ಲ. ಮೂಟೆ ಹೆಗಲಿಗೇರಿಸಿ ನನ್ನ ಕಡೆ ತಿರುಗಿದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಲೇ ದರ್ಜಿ, ಐದಕ್ಕೆ ಹತ್ತೀನೇ ಹೊಲಿಯೋ," ಎಂದ.

ಅವತ್ತೇ ಹೊಲಿದೆ. ಕೊರಿನ್ನಾ ಇನ್ನೂ ಹನ್ನೆರಡು ವರ್ಷ ದುಡಿಯಿತು, ಅಷ್ಟೂ ವರ್ಷ ಆ ಗುರುತಿಗೆ ನಾನು ಹತ್ತಿಯನ್ನೇ ಹಾಕಿದೆ. ಹಗಲಲ್ಲಿ ಅದನ್ನು ತುಟಿಗಿಡುವವರು ಮತ್ತೆ ಯಾರೂ ಬರಲಿಲ್ಲ.