ಗಾಳಿಯಕ್ಕನಿಗೆ ಜ್ವರ ಬಂದಾಗ

ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಓಡುತ್ತಿದ್ದ ಅವಳನ್ನು ಬೀದಿಯವರೆಲ್ಲ ಗಾಳಿಯಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಬ್ಯಾಂಕಿನ ಮೇಡಂ ಮನೆಯಲ್ಲಿ ಕಸ, ನೆಲ, ಪಾತ್ರೆ. ಅಲ್ಲಿಂದ ಮಾರ್ಕೆಟ್ ದಾಟಿದರೆ ಲಿಫ್ಟಿಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿ ವಯಸ್ಸಾದ ಅಜ್ಜಿಯೊಬ್ಬರ ಮನೆ. ಅಲ್ಲಿ ಅಡುಗೆಯೂ ಅವಳದೇ. ಗಂಡ ತೀರಿಕೊಂಡ ಮೇಲೆ ಈ ಎರಡು ಮನೆಗಳ ಕೆಲಸದಲ್ಲೇ ಮಗಳನ್ನು ಬೆಳೆಸಿದ್ದಳು. ಮಗಳು ಈಗ ಟೈಲರ್ ಅಂಗಡಿಯಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು.

ಇಷ್ಟು ವರ್ಷಗಳಲ್ಲಿ ಗಾಳಿಯಕ್ಕ ಕೆಲಸ ಬಿಟ್ಟು ಮಲಗಿದ್ದು ಒಂದೇ ಸಲ. ಮೇಡಂ ಮನೆಯ ಬಚ್ಚಲು ತಿಕ್ಕುವಾಗ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿತ್ತು. ಆ ತಿಂಗಳು ಮೇಡಂ, ಅವಳು ಬಾರದ ದಿನಗಳ ಸಂಬಳ ಹಿಡಿದು ಉಳಿದದ್ದನ್ನು ಕೈಗಿಟ್ಟರು.

"ಬೇಜಾರು ಮಾಡ್ಕೋಬೇಡ. ನಿನ್ನ ಬದಲಿಗೆ ಬಂದವಳಿಗೂ ಕೊಡಬೇಕಲ್ಲ" ಅಂದರು.

ಬಿದ್ದದ್ದು ನಿಮ್ಮ ಬಚ್ಚಲಲ್ಲೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಅಂದಿನಿಂದ ತಲೆನೋವೋ ಕೆಮ್ಮೋ ಏನೇ ಬಂದರೂ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು.

ಒಂದು ಚಳಿಗಾಲ ಊರೆಲ್ಲ ಫ್ಲೂ ಹಬ್ಬಿತ್ತು. ಬೆಳಿಗ್ಗೆ ಏಳುವಾಗಲೇ ಗಾಳಿಯಕ್ಕನ ಮೈ ಕೆಂಡದ ಹಾಗೆ ಸುಡುತ್ತಿತ್ತು. ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮ, ಇವತ್ತೊಂದಿನ ಮಲ್ಕೋ."

"ಮಲ್ಕೊಂಡ್ರೆ ಬಾಡಿಗೆ ನಿನ್ನ ಮಾವ ಬಂದು ಕಟ್ತಾನಾ?"

"ನಂಗೆಲ್ಲಿದಾನೆ ಮಾವ?"

"ಅದಕ್ಕೇ ಹೇಳಿದ್ದು. ದಾರಿ ಬಿಡು."

ಅಜ್ಜಿಗೆ ಮೊದಲೇ ಉಬ್ಬಸ. ಅದು ಗೊತ್ತಿದ್ದುದರಿಂದ ಗಾಳಿಯಕ್ಕ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅಡುಗೆಮನೆ ಬಿಟ್ಟು ಈಚೆ ಬರದಂತೆ ನೋಡಿಕೊಂಡಳು. ಆದರೆ ಒಳಕೋಣೆಯಿಂದ ಅಜ್ಜಿ ಕರೆದರೆ ಕೇಳಿಸದವಳಂತೆ ಇರುವುದು ಹೇಗೆ? ಹೋಗಿ ಎಬ್ಬಿಸಿ ಕೂರಿಸಿದಳು, ದಿಂಬು ಸರಿಮಾಡಿದಳು, ಬೆನ್ನು ನೀವಿದಳು.

ಆ ವಾರ ಕಳೆಯುವುದರೊಳಗೆ ಅಜ್ಜಿ ಆಸ್ಪತ್ರೆ ಸೇರಿದರು. ಅಜ್ಜಿಯ ಜೊತೆಗೇ ಇದ್ದ ಮಗ ತಾಯಿಯ ಬಟ್ಟೆಬರೆ ಒಯ್ಯಲು ಬಂದವನು, ಸಿಂಕಿನ ಮುಂದೆ ಕೆಮ್ಮುತ್ತ ನಿಂತಿದ್ದ ಗಾಳಿಯಕ್ಕನನ್ನು ನೋಡಿ ಮುಖ ಗಂಟಿಕ್ಕಿದ.

"ನಿಮಗೂ ಜ್ವರ ಇತ್ತಾ?"

"ಇತ್ತು ಸರ್."

"ಮತ್ಯಾಕೆ ಬಂದ್ರಿ? ಅಮ್ಮನ ಎದೆ ಎಷ್ಟು ಸೂಕ್ಷ್ಮ ಅಂತ ನಿಮಗೆ ಗೊತ್ತಿಲ್ವಾ? ಒಂದು ಮಾತು ಹೇಳಬಾರದಿತ್ತಾ?"

ಈ ಸಲ ಅವಳು ಮಾತು ನುಂಗಲಿಲ್ಲ. "ಹೇಳಿದ್ರೆ ರಜಾ ಕೊಡ್ತಿದ್ರಿ ಸರ್. ಸಂಬಳ ಕೊಡ್ತಿದ್ರಾ?"

ಅವನು ಕೈಯಲ್ಲಿದ್ದ ಟವೆಲನ್ನು ಬ್ಯಾಗಿಗೆ ತುರುಕಿದ. ತಾಯಿಯನ್ನು ನೋಡಿಕೊಳ್ಳಲು ಅವನು ಆಫೀಸಿಗೆ ರಜೆ ಹಾಕಿದ್ದ. ಅವನ ಸಂಬಳವನ್ನು ಯಾರೂ ಹಿಡಿಯುವಂತಿರಲಿಲ್ಲ. ಬ್ಯಾಗಿನ ಜಿಪ್ ಎಳೆದು ಮೆಟ್ಟಿಲಿಳಿದ.

ಮಾತೇನೋ ಆಡಿಬಿಟ್ಟಿದ್ದಳು ಗಾಳಿಯಕ್ಕ. ಕಾಯಿಲೆ ತಾನು ತಂದದ್ದೋ, ಆ ಮಗನೇ ಆಫೀಸಿನಿಂದ ತಂದದ್ದೋ, ಹೇಳಬಲ್ಲವರು ಯಾರೂ ಇರಲಿಲ್ಲ. ಆದರೂ ಬೆನ್ನು ನೀವಿದ ಕೈ ತನ್ನದೇ ಅಲ್ಲವೇ ಎಂದು ಅಂಗೈ ನೋಡಿಕೊಳ್ಳುವಳು. ಜ್ವರ ಬಿಟ್ಟ ಮೇಲೆ ಆಸ್ಪತ್ರೆಗೆ ಹೋದಳು. ಒಳಗೆ ಬಿಡಲಿಲ್ಲ. ಗಾಜಿನಾಚೆ ಅಜ್ಜಿ ಮುಖಕ್ಕೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದರು. ಇವಳನ್ನು ಕಂಡು ಕೈಯೆತ್ತಿ, ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು, ಊಟ ಆಯಿತಾ ಎಂದು ಸನ್ನೆಯಲ್ಲೇ ಕೇಳಿದರು. ಗಾಳಿಯಕ್ಕ ಆಯಿತೆಂದು ತಲೆಯಾಡಿಸಿ, ಅಲ್ಲಿ ನಿಲ್ಲಲಾರದೆ ಹೊರಗೆ ಬಂದಳು.

ಅಜ್ಜಿ ಗುಣವಾಗಿ ಮನೆಗೆ ಬಂದರು. ಆ ಹೊತ್ತಿಗೆ ಮನೆಕೆಲಸದವರ ಸಂಘ, ತಮಗೂ ಸಂಬಳ ಸಹಿತ ಕಾಯಿಲೆ ರಜೆ ಬೇಕೆಂದು ಸರ್ಕಾರವನ್ನು ಕೇಳುತ್ತಿತ್ತು. ಸರ್ಕಾರ ನೇಮಿಸಿದ ಸಮಿತಿಯೊಂದರ ಮುಂದೆ ಕೆಲಸದವರೇ ಬಂದು ಮಾತಾಡಬೇಕಿತ್ತು. ನೀನು ಹೋಗಲೇಬೇಕು ಎಂದು ಮಗಳು ಹಟ ಹಿಡಿದಳು. ಗಾಳಿಯಕ್ಕ ಮೊದಲು ಅಜ್ಜಿಯನ್ನು ಕೇಳಿದಳು.

"ನಿಮ್ಮ ವಿಷಯ ಅಲ್ಲಿ ಹೇಳಬಹುದಾ ಅಮ್ಮ?"

"ಧಾರಾಳವಾಗಿ ಹೇಳು. ನಾನಿನ್ನೂ ಬದುಕಿದೀನಿ ಅನ್ನೋದನ್ನೂ ಸೇರಿಸಿ ಹೇಳು. ಇಲ್ಲಾಂದ್ರೆ ನೆಂಟರೆಲ್ಲ ಗಾಬರಿಯಾಗ್ತಾರೆ."

ಸಮಿತಿಯ ಮುಂದೆ ಅವಳು ಮೈಕನ್ನು ಹತ್ತಿರ ಎಳೆದುಕೊಂಡಳು. ನಡೆದದ್ದನ್ನು ಅಷ್ಟಿಷ್ಟು ತಡವರಿಸುತ್ತ ಹೇಳಿದಳು. ಸದಸ್ಯರೊಬ್ಬರು ಮೃದುವಾಗಿಯೇ ಕೇಳಿದರು: "ರಜೆಗೂ ಸಂಬಳ ಸಿಗತ್ತೆ ಅಂದ್ರೆ ಸುಳ್ಳು ಹೇಳೋರೂ ಇರ್ತಾರಲ್ವೇನಮ್ಮ?"

"ಇರಬಹುದು ಸರ್. ನಾನೂ ಸುಳ್ಳು ಹೇಳಿದೀನಿ. ಜ್ವರ ಇದ್ದಾಗ ಇಲ್ಲ ಅಂತ."

ಅವರು ಮುಂದಿದ್ದ ಹಾಳೆಯಲ್ಲಿ ಅದನ್ನು ಬರೆದುಕೊಂಡರು.

ಕಾನೂನು ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಬಂದಾಗ ಎಲ್ಲ ಒಳ್ಳೆಯದೇ ಆಯಿತು ಎನ್ನುವಂತಿಲ್ಲ. ಮೇಡಂ, "ಇದೆಲ್ಲ ನಮಗೆ ತಲೆನೋವು. ಪಾತ್ರೆ ತೊಳೆಯೋ ಮಷೀನ್ ತಂದ್ಬಿಡ್ತೀವಿ" ಎಂದು ಅವಳನ್ನು ಬಿಡಿಸಿದರು. ಕೆಲವು ತಿಂಗಳು ಮನೆಯಲ್ಲಿ ಕೈ ಬಿಗಿಹಿಡಿದು ಬದುಕಬೇಕಾಯಿತು. ರಾತ್ರಿ ಊಟದ ಹೊತ್ತಿಗೆ ಮಗಳು, "ನಾನು ನಿನ್ನ ಕಳಿಸಬಾರದಿತ್ತೇನೋ" ಅನ್ನುವಳು. "ನನಗೇನು ಬಾಯಿಲ್ವಾ? ಬೇಡ ಅಂದಿದ್ರೆ ಹೋಗ್ತಿರಲಿಲ್ಲ" ಅನ್ನುವಳು ಗಾಳಿಯಕ್ಕ. ಆಮೇಲೆ ಸಿಕ್ಕ ಹೊಸ ಮನೆಯಲ್ಲಿ ಕೆಲಸ ಒಪ್ಪಿಕೊಳ್ಳುವ ಮೊದಲೇ ರಜೆಯ ಮಾತೆತ್ತಿದಳು. ಆ ಮನೆಯವರು ಒಪ್ಪಿದರು.

ಹೊಸ ಮನೆ ಸೇರಿದ ಮೇಲಿನ ಚಳಿಗಾಲದಲ್ಲಿ ಮತ್ತೆ ಜ್ವರ ಬಂತು. ಎರಡೂ ಮನೆಗೆ ಫೋನ್ ಮಾಡುವಾಗ ಏನೋ ಕದ್ದವಳಂತೆ ತಗ್ಗಿದ ದನಿಯಲ್ಲಿ ಮಾತಾಡಿದಳು. ಅಜ್ಜಿಯ ಮಗ, "ಮಲ್ಕೊಳ್ಳಿ ಅಕ್ಕ. ಸಂಬಳದ ಯೋಚನೆ ಮಾಡ್ಬೇಡಿ" ಅಂದ.

ಮಗಳು ಕೆಲಸಕ್ಕೆ ಹೋದ ಮೇಲೆ ಮನೆ ನಿಶ್ಶಬ್ದವಾಯಿತು. ವಾರದ ನಡುವೆ ಈ ಹೊತ್ತಿನಲ್ಲಿ ತನ್ನ ಮನೆ ಹೇಗಿರುತ್ತದೆಂದು ಅವಳು ನೋಡಿ ವರ್ಷಗಳೇ ಆಗಿದ್ದವು. ಕಿಟಕಿಯಿಂದ ಬಂದ ಬಿಸಿಲು ಹಾಸಿಗೆಯ ಕಾಲುಗಡೆ ಬಿದ್ದಿತ್ತು. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು. ಕೈ ಸುಮ್ಮನಿರಲಾರದೆ ಎದ್ದು ಪೊರಕೆ ಹಿಡಿದಳು. ತಲೆ ಸುತ್ತಿ ಅಲ್ಲೇ ಕೂತಳು. ತನ್ನಷ್ಟಕ್ಕೇ ನಗು ಬಂತು. ಮತ್ತೆ ಹೋಗಿ ಮಲಗಿದವಳು ಮಗಳು ಬಂದು ದೀಪ ಹಾಕುವವರೆಗೆ ಏಳಲಿಲ್ಲ.

ಮರುದಿನ ಅಜ್ಜಿಯ ಫೋನ್ ಬಂತು. ಗಾಳಿಯಕ್ಕ ಗಡಬಡಿಸಿ, "ನಾಳೆ ಬಂದ್ಬಿಡ್ತೀನಮ್ಮ" ಅಂದಳು.

"ಬಾ ಅನ್ನೋಕೆ ಮಾಡಿದ್ದಲ್ಲ ಕಣೇ. ಹೇಗಿದೀಯ ಅಂತ ಕೇಳೋಕೆ ಮಾಡಿದ್ದು."

ಗಾಳಿಯಕ್ಕ ಎದ್ದು ಕೂತಳು. "ಊಟಕ್ಕೇನು ಮಾಡಿದ್ರಿ?" ಎಂದು ಕೇಳಿದಳು.

"ಮಗನೇ ಅಡುಗೆ ಮಾಡ್ತಿದಾನೆ. ಉಪ್ಪು ಹಾಕೋದೇ ಮರೀತಾನೆ. ಇರಲಿ ಬಿಡು, ಡಾಕ್ಟರೂ ಉಪ್ಪು ಕಮ್ಮಿ ಮಾಡಿ ಅಂದಿದಾರೆ. ನೀನು ಪೂರ್ತಿ ಹುಷಾರಾಗು."

ಗಾಳಿಯಕ್ಕ ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಂತ ಮೇಲೆ ಫೋನನ್ನು ದಿಂಬಿನ ಪಕ್ಕ ಇಟ್ಟು, ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು.